ಪಿಕಲ್‌ಬಾಲ್ ಎಲ್ಲಿ ಆಡೋದು, ಹೇಗೆ ಶುರು ಮಾಡೋದು? ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸದಾಗಿ ಕೋರ್ಟಿಗೆ ಬರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಮೊದಲ ವಾರ ನಾನೂ ಇವನ್ನೇ ಕೇಳಿದ್ದೆ. ಕೆಲವನ್ನು ಕೇಳಲು ನಾಚಿಕೆಯಾಗಿ ಸುಮ್ಮನಿದ್ದು, ಆಮೇಲೆ ಪಾಯಿಂಟ್ ಕಳೆದುಕೊಂಡು ಕಲಿತೆ. ನಿಮಗೆ ಆ ಕಷ್ಟ ಬೇಡ ಅಂತ ಇಲ್ಲಿ ಬರೆದಿಟ್ಟಿದ್ದೇನೆ.

ಪಿಕಲ್‌ಬಾಲ್ ಅಂದ್ರೆ ಯಾವ ಥರದ ಆಟ?

ಶಟಲ್ ಕೋರ್ಟಿನಷ್ಟು ಜಾಗ, ಟೆನಿಸ್ ಥರದ ತಗ್ಗು ನೆಟ್, ಟೇಬಲ್ ಟೆನಿಸ್ ಬ್ಯಾಟನ್ನು ಸ್ವಲ್ಪ ದೊಡ್ಡದು ಮಾಡಿದಂಥ ಪ್ಯಾಡಲ್, ತೂತುಗಳಿರುವ ಪ್ಲಾಸ್ಟಿಕ್ ಬಾಲ್. ಇಷ್ಟೇ ಸಾಮಾನು. ಇಬ್ಬರೂ ಆಡಬಹುದು, ನಾಲ್ವರೂ ಆಡಬಹುದು. ಆದರೆ ಹೆಚ್ಚಿನ ಕಡೆ ನಿಮಗೆ ಕಾಣುವುದು ನಾಲ್ವರ ಡಬಲ್ಸ್. ಬಾಲ್ ತೂತುಗಳಿಂದಾಗಿ ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಹಾಗಾಗಿ ಮೊದಲ ದಿನವೇ ನಾಲ್ಕೈದು ಸಲ ಆಚೆ ಈಚೆ ಹೊಡೆಯಲು ಸಾಧ್ಯವಾಗುತ್ತದೆ. ಟೆನಿಸ್‌ನಲ್ಲಿ ಇಷ್ಟು ಬೇಗ ಈ ಖುಷಿ ಸಿಗುವುದಿಲ್ಲ.

ಹೆಸರಿಗೂ ಉಪ್ಪಿನಕಾಯಿಗೂ ಏನಾದ್ರೂ ಸಂಬಂಧ ಇದೆಯಾ?

ಇಲ್ಲ. 1965ರ ಬೇಸಿಗೆಯಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಡ್ಜ್ ದ್ವೀಪದಲ್ಲಿ ಜೋಯಲ್ ಪ್ರಿಚರ್ಡ್, ಬಿಲ್ ಬೆಲ್ ಎಂಬ ಇಬ್ಬರು ಗೆಳೆಯರು ಬೇಜಾರಾಗಿ ಕುಳಿತಿದ್ದ ಮನೆಯವರಿಗಾಗಿ ಇದನ್ನು ಶುರು ಮಾಡಿದರು. ಅಲ್ಲಿ ಹಳೆಯ ಶಟಲ್ ಕೋರ್ಟ್ ಇತ್ತು, ಆದರೆ ಆಡಲು ಸರಿಯಾದ ಸಾಮಾನು ಇರಲಿಲ್ಲ. ಟೇಬಲ್ ಟೆನಿಸ್ ಬ್ಯಾಟು, ತೂತಿನ ಪ್ಲಾಸ್ಟಿಕ್ ಬಾಲು ಹಿಡಿದು ಆಡಿದರು. ಮೂರನೆಯವರಾದ ಬಾರ್ನಿ ಮ್ಯಾಕಲಮ್ ಆಮೇಲೆ ಸೇರಿಕೊಂಡರು. ನಿಯಮಗಳು ರೂಪುಗೊಂಡಿದ್ದು ಈ ಮೂವರಿಂದ.

ಹೆಸರಿಗೆ ಎರಡು ಕತೆಗಳಿವೆ. ದೋಣಿ ಪಂದ್ಯಗಳಲ್ಲಿ ಉಳಿದುಬಳಿದವರನ್ನು ಸೇರಿಸಿ ಮಾಡುವ ತಂಡಕ್ಕೆ 'ಪಿಕಲ್ ಬೋಟ್' ಅನ್ನುತ್ತಿದ್ದರು, ಅಲ್ಲಿಂದ ಬಂತು ಅನ್ನುವುದು ಒಂದು. ಪ್ರಿಚರ್ಡ್ ಮನೆಯ ಪಿಕಲ್ಸ್ ಎಂಬ ನಾಯಿಯಿಂದ ಬಂತು ಅನ್ನುವುದು ಇನ್ನೊಂದು. ನಾಯಿ ಹುಟ್ಟಿದ್ದೇ ಆಟ ಶುರುವಾದ ಮೇಲೆ, ನಾಯಿಗೇ ಆಟದ ಹೆಸರಿಟ್ಟಿದ್ದು ಅಂತ ಪ್ರಿಚರ್ಡ್ ಮನೆಯವರ ಮಾತು. ನಾಯಿ ಕತೆ ಹೇಳಲು ಚೆಂದ, ಅದಕ್ಕೇ ಇನ್ನೂ ಓಡುತ್ತಿದೆ.

ನನ್ನ ಹತ್ತಿರ ಎಲ್ಲಿ ಆಡ್ತಾರೆ ಅಂತ ಹುಡುಕೋದು ಹೇಗೆ?

ಫೋನಿನ ಮ್ಯಾಪಿನಲ್ಲಿ 'ಪಿಕಲ್‌ಬಾಲ್' ಅಂತ ಹುಡುಕಿ. ಎಲ್ಲರೂ ಮಾಡುವುದು ಅದನ್ನೇ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಮ್ಯಾಪು ತೋರಿಸುವುದು ಪಿಕಲ್‌ಬಾಲ್ ಅಂತಲೇ ಬೋರ್ಡು ಹಾಕಿಕೊಂಡ ಜಾಗಗಳನ್ನು. ನಿಜವಾಗಿ ಆಟ ನಡೆಯುವ ಎಷ್ಟೋ ಕಡೆ ಆ ಬೋರ್ಡೇ ಇರುವುದಿಲ್ಲ. ಶಟಲ್ ಹಾಲ್, ಟೆನಿಸ್ ಕ್ಲಬ್, ಶಾಲಾ ಕಾಲೇಜಿನ ಒಳಾಂಗಣ, ಸಾರ್ವಜನಿಕ ಪಾರ್ಕು, ವಸತಿ ಸಮುಚ್ಚಯದ ಆಟದ ಅಂಗಳ, ಇವುಗಳಲ್ಲಿ ವಾರಕ್ಕೆ ಎರಡು ಮೂರು ದಿನ ಟೇಪು ಅಂಟಿಸಿ ಆಡುವವರಿರುತ್ತಾರೆ. ಹಾಗಾಗಿ 'ಬ್ಯಾಡ್ಮಿಂಟನ್', 'ಟೆನಿಸ್' ಅಂತಲೂ ಹುಡುಕಿ, ಸಿಕ್ಕ ನಂಬರಿಗೆ ಫೋನ್ ಮಾಡಿ ಕೇಳಿ. ಮ್ಯಾಪಿನಲ್ಲಿ ಜನ ಹಾಕಿದ ಫೋಟೋಗಳನ್ನೂ ನೋಡಿ. ಶಟಲ್ ಹಾಲಿನ ಫೋಟೋದಲ್ಲಿ ನೆಟ್ಟು ಸೊಂಟದ ಮಟ್ಟಕ್ಕೆ ಇಳಿದಿದ್ದರೆ ಅಲ್ಲಿ ಪಿಕಲ್‌ಬಾಲ್ ನಡೆಯುತ್ತಿದೆ ಅಂತ ಅರ್ಥ.

ಕೋರ್ಟು ಹುಡುಕಲೆಂದೇ ಇರುವ ಆ್ಯಪುಗಳೂ ಇವೆ. ಪಿಕಲ್‌ಹೆಡ್ಸ್ ಅಂಥದ್ದೊಂದು. ಅದರಲ್ಲಿ ಎಷ್ಟು ಕೋರ್ಟು, ಒಳಗೋ ಹೊರಗೋ, ಗೆರೆ ಕಾಯಂ ಆಗಿ ಎಳೆದಿದ್ದಾರೋ ಇಲ್ಲವೋ ಅಂತೆಲ್ಲ ಇರುತ್ತದೆ. ಅಮೆರಿಕದ ಜಾಗಗಳು ಅದರಲ್ಲಿ ಜಾಸ್ತಿ. ಬೇರೆ ದೇಶಗಳಲ್ಲಿ ಆಟದ ಜಾಗ ಬುಕ್ ಮಾಡುವ ಸ್ಥಳೀಯ ಆ್ಯಪುಗಳೇ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಇನ್ನೂ ಒಂದು ದಾರಿ ಇದೆ, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಒಳ್ಳೆಯದು. ಆಡುವವರು ಒಬ್ಬರು ಸಿಕ್ಕರೆ ಸಾಕು, ಅವರ ವಾಟ್ಸ್ಆ್ಯಪ್ ಗುಂಪಿಗೆ ಸೇರಿಸಲು ಕೇಳಿ. 'ನಾಳೆ ಬೆಳಿಗ್ಗೆ ಒಬ್ಬರು ಕಡಿಮೆ ಇದ್ದಾರೆ, ಯಾರು ಬರ್ತೀರಾ?' ಅನ್ನುವ ಮೆಸೇಜು ಯಾವ ಮ್ಯಾಪಿನಲ್ಲೂ ಬರುವುದಿಲ್ಲ.

ಎರಡು ಮೂರು ಜಾಗ ಸಿಕ್ಕಿವೆ. ಯಾವುದನ್ನು ಆರಿಸಲಿ?

ಹತ್ತಿರದ್ದನ್ನಲ್ಲ. ನಿಮ್ಮಂಥವರು ಆಡುವ ಜಾಗವನ್ನು. ಇದನ್ನು ಎಷ್ಟು ಸಲ ಹೇಳಿದರೂ ಜನ ಹತ್ತು ನಿಮಿಷ ಉಳಿಸಲು ಹೋಗಿ, ವರ್ಷಗಟ್ಟಲೆ ಆಡಿದವರ ಗುಂಪಿಗೆ ಸೇರಿಕೊಂಡು, ಎರಡನೇ ವಾರಕ್ಕೆ ಬಿಟ್ಟುಬಿಡುತ್ತಾರೆ.

ಬ್ಯಾಗು ಇಲ್ಲದೆ ಒಂದು ಸಲ ಸುಮ್ನೆ ಹೋಗಿ ನೋಡಿ. ಅರ್ಧ ಗಂಟೆ ಕುಳಿತರೆ ಸಾಕು. ಹೊಸಬರು ತಪ್ಪು ಮಾಡಿದಾಗ ಉಳಿದವರು ಏನು ಮಾಡುತ್ತಾರೆ ನೋಡಿ. ಸ್ಕೋರ್ ಮರೆತವರಿಗೆ ನಗುತ್ತಾ ನೆನಪಿಸಿದರೆ ಆ ಜಾಗ ಒಳ್ಳೆಯದು. ಮುಖ ತಿರುಗಿಸಿ ಪ್ಯಾಡಲ್‌ನಿಂದ ತೊಡೆ ಬಡಿದುಕೊಂಡರೆ ಬೇರೆ ಜಾಗ ಹುಡುಕಿ.

ಫೋನ್ ಮಾಡಿದಾಗ ಏನೇನು ಕೇಳಬೇಕು?

ನನಗಾದದ್ದು ಹೇಳುತ್ತೇನೆ. ಒಂದು ಕಡೆ ಫೋನ್ ಮಾಡಿ 'ಪಿಕಲ್‌ಬಾಲ್ ಇದೆಯಾ?' ಅಂದೆ. 'ಇದೆ, ಬನ್ನಿ' ಅಂದರು. ಮುಕ್ಕಾಲು ಗಂಟೆ ದಾರಿ. ಹೋದರೆ ಕೋರ್ಟು ಇತ್ತು, ಆಟವೂ ನಡೆಯುತ್ತಿತ್ತು, ಆದರೆ ಸದಸ್ಯರಿಗೆ ಮಾತ್ರ. ಕೇಳಿದ ಪ್ರಶ್ನೆಗೆ ಅವರು ಸುಳ್ಳು ಹೇಳಿರಲಿಲ್ಲ ಅನ್ನಿ, ಪ್ರಶ್ನೆಯೇ ಸರಿ ಇರಲಿಲ್ಲ.

ಈಗ ನಾನು ಕೇಳುವುದು ಹೀಗೆ. ಸದಸ್ಯರಲ್ಲದವರು ಆಡಬಹುದಾ? ಕೋರ್ಟನ್ನೇ ಪೂರ್ತಿ ಬುಕ್ ಮಾಡಬೇಕಾ ಅಥವಾ ಒಬ್ಬರೇ ಬಂದು ಸೇರಿಕೊಳ್ಳಬಹುದಾ? ಹೊಸಬರಿಗೆ ಅಂತ ಬೇರೆ ಸಮಯ ಇದೆಯಾ? ಪ್ಯಾಡಲ್ ಬಾಡಿಗೆಗೆ ಕೊಡ್ತೀರಾ? ಎಂಥ ಶೂ ಬೇಕು? ಕೊನೆಯ ಪ್ರಶ್ನೆ ಒಳಾಂಗಣಗಳಿಗೆ ಮುಖ್ಯ. ಮರದ ನೆಲಕ್ಕೆ ಗುರುತು ಬೀಳದ ಅಡಿಭಾಗದ ಶೂ ಇಲ್ಲದಿದ್ದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ.

'ಓಪನ್ ಪ್ಲೇ' ಅಂದ್ರೇನು? ಒಬ್ಬನೇ ಹೋದ್ರೆ ಆಡಿಸ್ತಾರಾ?

ಆಡಿಸುತ್ತಾರೆ. ಓಪನ್ ಪ್ಲೇ ಇರುವುದೇ ಅದಕ್ಕೆ. ನಿಗದಿಯಾದ ಸಮಯದಲ್ಲಿ ಯಾರು ಬೇಕಾದರೂ ಬರಬಹುದು, ಜೊತೆಗಾರರು ಬೇಕಿಲ್ಲ, ಅಲ್ಲಿದ್ದವರೊಂದಿಗೆ ಅದಲುಬದಲಾಗಿ ಆಡುವುದು.

ಸರದಿ ನಡೆಯುವುದು ಪ್ಯಾಡಲ್‌ಗಳಿಂದ. ಕೋರ್ಟಿನ ಪಕ್ಕ ಬೇಲಿಯ ಮೇಲೋ, ಬೆಂಚಿನ ಮೇಲೋ, ಅದಕ್ಕೆಂದೇ ಮಾಡಿದ ಸ್ಟ್ಯಾಂಡಿನಲ್ಲೋ ಪ್ಯಾಡಲ್‌ಗಳನ್ನು ಸಾಲಾಗಿ ಇಟ್ಟಿರುತ್ತಾರೆ. ನೀವು ಬಂದ ಕೂಡಲೇ ನಿಮ್ಮದನ್ನೂ ಸಾಲಿನ ಕೊನೆಗೆ ಇಡಿ. ಕೋರ್ಟು ಖಾಲಿಯಾದಾಗ ಮುಂದಿನ ನಾಲ್ಕು ಪ್ಯಾಡಲ್‌ಗಳ ಮಾಲೀಕರು ಒಳಗೆ ಹೋಗುತ್ತಾರೆ. ಕೆಲವು ಕಡೆ ಒಂದು ಆಟ ಮುಗಿದರೆ ನಾಲ್ವರೂ ಹೊರಗೆ. ಇನ್ನು ಕೆಲವು ಕಡೆ ಗೆದ್ದ ಇಬ್ಬರು ಉಳಿದು ಜೋಡಿ ಒಡೆಯುತ್ತಾರೆ, ಸೋತ ಇಬ್ಬರು ಹೊರಗೆ. ಯಾವ ಪದ್ಧತಿ ಅಂತ ಬಂದ ತಕ್ಷಣ ಕೇಳಿಬಿಡಿ. ನಾನು ಮೊದಲ ದಿನ ಪ್ಯಾಡಲ್ ಕೈಯಲ್ಲೇ ಹಿಡಿದು, ಯಾರಾದರೂ ಕರೆಯುತ್ತಾರೆ ಅಂತ ಇಪ್ಪತ್ತು ನಿಮಿಷ ನಿಂತಿದ್ದೆ. ಯಾರೂ ಕರೆಯಲಿಲ್ಲ. ಅವರ ಲೆಕ್ಕದಲ್ಲಿ ನಾನು ನೋಡಲು ಬಂದವನು.

ಒಳಗೆ ಹೋದ ಮೇಲೆ 'ನಾನು ಹೊಸಬ, ಇವತ್ತು ಮೂರನೇ ಆಟ' ಅಂತ ಮೊದಲೇ ಹೇಳಿ. ಮುಜುಗರ ಪಡುವಂಥದ್ದೇನಲ್ಲ. ಎದುರಿನವರು ಸ್ವಲ್ಪ ನಿಧಾನ ಮಾಡುತ್ತಾರೆ, ಪಾರ್ಟ್ನರ್ ಎಲ್ಲಿ ನಿಲ್ಲಬೇಕು ಅಂತ ಹೇಳಿಕೊಡುತ್ತಾರೆ. ಆಟ ಮುಗಿದಾಗ ನಾಲ್ವರೂ ನೆಟ್ಟಿನ ಹತ್ತಿರ ಬಂದು ಪ್ಯಾಡಲ್‌ಗಳನ್ನು ಮೆಲ್ಲಗೆ ತಾಗಿಸುವುದು ರೂಢಿ.

ಸುತ್ತಮುತ್ತ ಎಲ್ಲೂ ಕೋರ್ಟೇ ಇಲ್ಲ. ಈಗೇನು ಮಾಡಲಿ?

ಶಟಲ್ ಕೋರ್ಟ್ ಇದ್ದರೆ ನಿಮ್ಮ ಕೆಲಸ ಮುಕ್ಕಾಲು ಮುಗಿದಂತೆ. ಪಿಕಲ್‌ಬಾಲ್ ಕೋರ್ಟಿನ ಅಳತೆ 44 ಅಡಿ ಉದ್ದ, 20 ಅಡಿ ಅಗಲ. ಶಟಲ್ ಡಬಲ್ಸ್ ಕೋರ್ಟಿನ ಹೊರಗೆರೆಗಳೂ ಅಷ್ಟೇ. ಹೊಸದಾಗಿ ಎಳೆಯಬೇಕಾದ್ದು ಕಿಚನ್ ಗೆರೆ ಮಾತ್ರ. ನೆಟ್ಟಿನ ಪಕ್ಕದ ಪಟ್ಟಿಗೆ ಕಿಚನ್ ಅನ್ನುತ್ತಾರೆ, ಅಲ್ಲಿ ನಿಂತು ಬಾಲನ್ನು ಗಾಳಿಯಲ್ಲಿ ಹೊಡೆಯುವಂತಿಲ್ಲ. ಅದರ ಗೆರೆ ನೆಟ್ಟಿನಿಂದ 7 ಅಡಿ ದೂರದಲ್ಲಿರಬೇಕು. ಶಟಲ್‌ನ ಮುಂದಿನ ಸರ್ವಿಸ್ ಗೆರೆ ಆರೂವರೆ ಅಡಿಯಲ್ಲಿರುತ್ತದೆ. ಅದರಿಂದ ಅರ್ಧ ಅಡಿ ಹಿಂದಕ್ಕೆ, ಎರಡೂ ಬದಿ, ಟೇಪು ಅಂಟಿಸಿ. ನಡುಗೆರೆ ಆಗಲೇ ಇದೆ. ನೆಟ್ಟನ್ನು ಮಾತ್ರ ತುಂಬಾ ಇಳಿಸಬೇಕು. ಅಂಚುಗಳಲ್ಲಿ 36 ಇಂಚು, ನಡುವೆ 34 ಇಂಚು.

ಟೆನಿಸ್ ಕೋರ್ಟಿನಲ್ಲಾದರೆ ಲೆಕ್ಕ ಬೇರೆ. ಅಲ್ಲಿನ ನೆಟ್ಟನ್ನೇ ಬಳಸುವುದಾದರೆ, ಟೆನಿಸ್‌ನ ಸರ್ವಿಸ್ ಗೆರೆ ನೆಟ್ಟಿನಿಂದ 21 ಅಡಿ. ನಮ್ಮ ಹಿಂದಿನ ಗೆರೆ 22 ಅಡಿ. ಅಂದರೆ ಸರ್ವಿಸ್ ಗೆರೆಯಿಂದ ಒಂದು ಅಡಿ ಹಿಂದೆ ಗೆರೆ ಎಳೆದರೆ ಆಯಿತು. ಅಗಲಕ್ಕೆ ಸಿಂಗಲ್ಸ್ ಗೆರೆಯಿಂದ ಎರಡೂ ಕಡೆ ಮೂರೂವರೆ ಅಡಿ ಒಳಗೆ ಬನ್ನಿ. ಟೆನಿಸ್ ನೆಟ್ಟು ನಡುವೆ 36 ಇಂಚು ಇರುತ್ತದೆ, ನಮಗೆ ಬೇಕಾದ್ದಕ್ಕಿಂತ ಎರಡು ಇಂಚು ಜಾಸ್ತಿ. ಸುಮ್ಮನೆ ಆಡುವುದಕ್ಕೆ ಅದು ಅಡ್ಡಿಯೇನಲ್ಲ.

ಟೇಪು ಅಂಟಿಸುವ ಮುಂಚೆ ಜಾಗದವರ ಒಪ್ಪಿಗೆ ಕೇಳಿ. ಗೋಡೆಗೆ ಬಣ್ಣ ಬಳಿಯುವವರು ಬಳಸುವ ಟೇಪು ಒಳ್ಳೆಯದು, ಕಿತ್ತರೆ ಅಂಟು ಉಳಿಯುವುದಿಲ್ಲ. ಸಿಮೆಂಟು ನೆಲವಾದರೆ ಸೀಮೆಸುಣ್ಣವೇ ಸಾಕು. ಗೆರೆಯ ಹಿಂದೆ, ಪಕ್ಕದಲ್ಲಿ ಓಡಾಡಲು ಜಾಗ ಬಿಡುವುದನ್ನು ಮರೆಯಬೇಡಿ. ಒಟ್ಟು 60 ಅಡಿಗೆ 30 ಅಡಿಯಾದರೂ ಇರಲಿ. ಗೋಡೆಗೆ ಒತ್ತಿಕೊಂಡ ಕೋರ್ಟಿನಲ್ಲಿ ಮೊದಲು ಒಡೆಯುವುದು ಮೊಣಕೈ.

ಯಾವ ಪ್ಯಾಡಲ್ ಕೊಳ್ಳಲಿ?

ಈಗಲೇ ಕೊಳ್ಳಬೇಡಿ. ನಾಲ್ಕೈದು ಸಲ ಬಾಡಿಗೆಯದ್ದೋ, ಬೇರೆಯವರದ್ದೋ ಹಿಡಿದು ಆಡಿ. ಪ್ಯಾಡಲ್ ಬಗ್ಗೆ ಮಾತಾಡಲು ಎಲ್ಲರಿಗೂ ಇಷ್ಟ, ಕೇಳಿದರೆ ಖುಷಿಯಿಂದ ಕೊಡುತ್ತಾರೆ.

ಕೊಳ್ಳುವಾಗ ನೋಡಬೇಕಾದ್ದು ಎರಡೇ. ತೂಕ ಮತ್ತು ಹಿಡಿ. ಸಾಮಾನ್ಯವಾಗಿ ಪ್ಯಾಡಲ್ 210ರಿಂದ 240 ಗ್ರಾಂ ಇರುತ್ತದೆ. ಮೊಣಕೈ ನೋವಿರುವವರು ತುಂಬಾ ಭಾರದ್ದನ್ನು ಹಿಡಿಯದಿರುವುದು ಒಳ್ಳೆಯದು. ಹಿಡಿ ಕೈಗೆ ಹೊಂದದಿದ್ದರೆ ಬಿಗಿಯಾಗಿ ಹಿಡಿಯಬೇಕಾಗುತ್ತದೆ, ಅದರಿಂದಲೂ ಕೈ ನೋಯುತ್ತದೆ. ತೆಳುವಾದ ಹಿಡಿಗೆ ಆಮೇಲೆ ಗ್ರಿಪ್ ಸುತ್ತಿ ದಪ್ಪ ಮಾಡಬಹುದು, ದಪ್ಪದ್ದನ್ನು ಕೆತ್ತಲು ಆಗುವುದಿಲ್ಲ. ಬರೀ ಮರದ ಪ್ಯಾಡಲ್ ಅಗ್ಗ, ಆದರೆ ಭಾರ, ಕೈಗೆ ಅದುರುತ್ತದೆ. ಒಳಗೆ ಜೇನುಗೂಡಿನ ಥರದ ಪ್ಲಾಸ್ಟಿಕ್, ಮೇಲೆ ಫೈಬರ್‌ಗ್ಲಾಸ್ ಇರುವುದನ್ನು ತೆಗೆದುಕೊಂಡರೆ ಒಂದು ವರ್ಷ ಬೇರೆಯದು ಬೇಕಾಗುವುದಿಲ್ಲ. ಕಾರ್ಬನ್ ಫೈಬರ್, ಸ್ಪಿನ್ನು, ಅದು ಇದು ಎಲ್ಲ ಆಮೇಲೆ.

ಬಾಲ್‌ನಲ್ಲೂ ಬೇರೆ ಬೇರೆ ಇದೆಯಾ?

ಇದೆ. ಒಳಾಂಗಣದ್ದಕ್ಕೆ ಸಾಮಾನ್ಯವಾಗಿ 26 ದೊಡ್ಡ ತೂತು, ಮೆತ್ತಗಿರುತ್ತದೆ. ಹೊರಾಂಗಣದ್ದಕ್ಕೆ 40 ಸಣ್ಣ ತೂತು, ಗಟ್ಟಿ, ಗಾಳಿಗೆ ಕಡಿಮೆ ಓಲಾಡುತ್ತದೆ, ಜೋರಾಗಿಯೂ ಬರುತ್ತದೆ. ಹೊರಗಿನ ಬಾಲ್ ಚಳಿಯಲ್ಲಿ ಬೇಗ ಸೀಳುತ್ತದೆ. ಸೀಳಿದ್ದು ಕಣ್ಣಿಗೆ ಕಾಣದಿದ್ದರೂ ಕಿವಿಗೆ ಗೊತ್ತಾಗುತ್ತದೆ. 'ಟಕ್' ಅನ್ನುವ ಬದಲು 'ಪಚ್' ಅಂತ ಸತ್ತ ಸದ್ದು ಬಂದರೆ ಬಾಲ್ ಹಿಡಿದು ಬೆರಳಲ್ಲಿ ಒತ್ತಿ ನೋಡಿ.

ಸರ್ವ್ ಮಾಡೋದು ಹೇಗೆ?

ಕೈಯನ್ನು ಕೆಳಗಿನಿಂದ ಮೇಲಕ್ಕೆ ಬೀಸಿ, ಬಾಲನ್ನು ಸೊಂಟಕ್ಕಿಂತ ಕೆಳಗೆ ಹೊಡೆಯಬೇಕು. ಆ ಕ್ಷಣಕ್ಕೆ ಪ್ಯಾಡಲ್‌ನ ತಲೆ ಮಣಿಕಟ್ಟಿಗಿಂತ ಮೇಲಿರಬಾರದು. ಕಾಲು ಹಿಂದಿನ ಗೆರೆಯನ್ನು ಮುಟ್ಟುವಂತಿಲ್ಲ. ಬಾಲ್ ಎದುರಿನ ಕರ್ಣದ ಪೆಟ್ಟಿಗೆಯಲ್ಲಿ, ಕಿಚನ್ ಗೆರೆಯನ್ನು ದಾಟಿ ಬೀಳಬೇಕು. ಅವಕಾಶ ಒಂದೇ, ಟೆನಿಸ್ ಥರ ಎರಡನೆಯದಿಲ್ಲ. ನೆಟ್ಟಿಗೆ ತಾಗಿ ಸರಿಯಾದ ಪೆಟ್ಟಿಗೆಯಲ್ಲೇ ಬಿದ್ದರೆ ಆಟ ಮುಂದುವರಿಯುತ್ತದೆ. ಮೊದಲು ಮತ್ತೆ ಹೊಡೆಯಬೇಕಿತ್ತು, 2021ರಿಂದ ಅದನ್ನು ತೆಗೆದಿದ್ದಾರೆ.

ಹೊಸಬರಿಗೆ ನಾನು ಹೇಳಿಕೊಡುವುದು ಡ್ರಾಪ್ ಸರ್ವ್. ಬಾಲನ್ನು ಕೈಯಿಂದ ಸುಮ್ಮನೆ ಬಿಡಿ, ಕೆಳಕ್ಕೆ ಒತ್ತಬೇಡಿ, ಮೇಲಕ್ಕೆ ಎಸೆಯಬೇಡಿ. ನೆಲಕ್ಕೆ ಬಿದ್ದು ಪುಟಿದ ಮೇಲೆ ಹೊಡೆಯಿರಿ. ಹೀಗೆ ಮಾಡಿದರೆ ಸೊಂಟ, ಮಣಿಕಟ್ಟಿನ ನಿಯಮಗಳು ಲಾಗೂ ಆಗುವುದಿಲ್ಲ. ಜೋರಾಗಿ ಹೊಡೆಯುವ ಆಸೆ ಬೇಡ. ಸರ್ವ್ ಒಳಗೆ ಬಿದ್ದರೆ ಸಾಕು, ಆಳಕ್ಕೆ ಬಿದ್ದರೆ ಇನ್ನೂ ಚೆನ್ನ.

ಎರಡು ಬೌನ್ಸ್ ನಿಯಮ ಅಂತಾರಲ್ಲ, ಅದೇನು?

ಸರ್ವ್ ಬಂದಾಗ ಎದುರಿನವರು ಬಾಲ್ ಪುಟಿಯುವವರೆಗೆ ಕಾಯಬೇಕು. ಅವರು ವಾಪಸ್ ಕಳಿಸಿದ್ದನ್ನು ಸರ್ವ್ ಮಾಡಿದವರೂ ಪುಟಿಯಲು ಬಿಡಬೇಕು. ಅಲ್ಲಿಂದ ಮುಂದೆ ಗಾಳಿಯಲ್ಲೇ ಹೊಡೆಯಬಹುದು. ಈ ನಿಯಮದಿಂದ ಒಂದು ವಿಷಯ ತಾನಾಗಿಯೇ ಬರುತ್ತದೆ. ಸರ್ವ್ ಮಾಡಿದ ಜೋಡಿ ಹಿಂದೆಯೇ ಕಾಯಬೇಕು, ವಾಪಸ್ ಹೊಡೆದ ಜೋಡಿ ಕೂಡಲೇ ಮುಂದೆ ಬರಬಹುದು. ಹೊಸಬರೆಲ್ಲ ಮಾಡುವ ತಪ್ಪು ಒಂದೇ, ಸರ್ವ್ ಮಾಡಿದ ತಕ್ಷಣ ಮುಂದಕ್ಕೆ ಓಡುವುದು. ಬಾಲ್ ಅವರ ಪಾದದ ಹತ್ತಿರ ಬಂದು ಬೀಳುತ್ತದೆ.

ಈ ಕಿಚನ್ ಒಳಗೆ ಕಾಲಿಡಲೇಬಾರದಾ?

ಎಲ್ಲರಿಗೂ ತಲೆ ಕೆಡಿಸುವ ಪ್ರಶ್ನೆ ಇದು. ಕಾಲಿಡಬಹುದು, ನಿಲ್ಲಬಹುದು, ಬೇಕಾದರೆ ಅಲ್ಲೇ ಕೂರಬಹುದು. ಅಲ್ಲಿ ನಿಂತು ಬಾಲನ್ನು ಗಾಳಿಯಲ್ಲಿ ಹೊಡೆಯಬಾರದು, ಅಷ್ಟೇ. ಹಾಗೆ ಹೊಡೆಯುವುದಕ್ಕೆ ವಾಲಿ ಅನ್ನುತ್ತಾರೆ. ಕಿಚನ್ ಅಂದರೆ ನೆಟ್ಟಿನ ಎರಡೂ ಬದಿಯ 7 ಅಡಿ ಪಟ್ಟಿ, ಗೆರೆಯೂ ಅದಕ್ಕೇ ಸೇರಿದ್ದು. ಬಾಲ್ ಅಲ್ಲಿ ಪುಟಿದರೆ ಧಾರಾಳವಾಗಿ ಒಳಗೆ ಹೋಗಿ ಹೊಡೆಯಿರಿ. ಆಮೇಲೆ ವಾಲಿ ಹೊಡೆಯಬೇಕಾದರೆ ಎರಡೂ ಕಾಲು ಹೊರಗಿನ ನೆಲದ ಮೇಲೆ ಊರಿರಬೇಕು.

ಇದರ ಇನ್ನೊಂದು ಮುಖ ನನಗೆ ಗೊತ್ತಾಗಿದ್ದು ಹೀಗೆ. ಸ್ಕೋರ್ ಹತ್ತು ಒಂಬತ್ತು, ನಮ್ಮದೇ ಸರ್ವ್, ಇನ್ನೊಂದು ಪಾಯಿಂಟ್ ಬಂದರೆ ಗೆದ್ದಂತೆ. ಬಾಲ್ ಎತ್ತರಕ್ಕೆ ತೇಲಿ ಬಂತು. ಗೆರೆಯ ಹಿಂದೆ ನಿಂತೇ ಜೋರಾಗಿ ಹೊಡೆದೆ. ಎದುರಿನವರಿಬ್ಬರ ನಡುವೆ ಹೋಯಿತು, ಪುಟಿದು ಆಚೆ ಬೇಲಿಗೆ ಬಡಿಯಿತು. ನಾನು ಹೊಡೆದ ರಭಸಕ್ಕೆ ಎರಡು ಹೆಜ್ಜೆ ಮುಂದೆ ಹೋಗಿ ಗೆರೆ ತುಳಿದು ನಿಂತೆ. ಕೈ ಎತ್ತಿ ಕುಣಿಯಬೇಕು, ಅಷ್ಟರಲ್ಲಿ ನನ್ನ ಪಾರ್ಟ್ನರ್ರೇ 'ಕಿಚನ್' ಅಂದರು, ಮೆಲ್ಲಗೆ. ಆ ಪಾಯಿಂಟಿನ ಆಟ ಮುಗಿದುಹೋಗಿದ್ದರೂ ಸರಿ, ವಾಲಿಯ ರಭಸ ನಿಮ್ಮನ್ನು ಕಿಚನ್ನಿಗೆ ಎಳೆದುಕೊಂಡು ಹೋದರೆ ಫಾಲ್ಟ್. ಆ ರಭಸಕ್ಕೆ ನಿಮ್ಮ ಟೋಪಿ ಅಲ್ಲಿ ಬಿದ್ದರೂ ಫಾಲ್ಟೇ. ಆ ಆಟ ನಾವು ಸೋತೆವು. ಈಗ ನಾನು ಗೆರೆಯಿಂದ ಒಂದು ಗೇಣು ಹಿಂದೆಯೇ ನಿಲ್ಲುತ್ತೇನೆ.

ಸ್ಕೋರ್ ಹೇಳುವಾಗ ಮೂರು ನಂಬರ್ ಯಾಕೆ?

ಮೊದಲನೆಯದು ಸರ್ವ್ ಮಾಡುವವರ ಪಾಯಿಂಟ್, ಎರಡನೆಯದು ಎದುರಿನವರದ್ದು, ಮೂರನೆಯದು ಆ ಜೋಡಿಯಲ್ಲಿ ಈಗ ಮೊದಲನೆಯವರ ಸರ್ವೋ ಎರಡನೆಯವರದ್ದೋ ಅಂತ. ಹಳೆಯ ಪದ್ಧತಿಯಲ್ಲಿ ಸರ್ವ್ ಮಾಡುವ ಜೋಡಿಗೆ ಮಾತ್ರ ಪಾಯಿಂಟ್ ಸಿಗುತ್ತದೆ. ಆಟ 11ಕ್ಕೆ, ಎರಡರ ಅಂತರ ಬೇಕು.

ಒಂದು ಉದಾಹರಣೆ ನೋಡಿ. ನೀವು ಬಲಗಡೆ ನಿಂತು 'ನಾಲ್ಕು, ಎರಡು, ಒಂದು' ಅಂತ ಹೇಳಿ ಸರ್ವ್ ಮಾಡಿದಿರಿ. ಗೆದ್ದಿರಿ. ಈಗ ನೀವು ಮತ್ತು ಪಾರ್ಟ್ನರ್ ಜಾಗ ಬದಲಿಸಿಕೊಳ್ಳಬೇಕು. ಎಡಗಡೆಯಿಂದ ನೀವೇ 'ಐದು, ಎರಡು, ಒಂದು'. ಈ ಸಲ ಸೋತಿರಿ. ಯಾರಿಗೂ ಪಾಯಿಂಟ್ ಇಲ್ಲ, ಜಾಗ ಬದಲಿಲ್ಲ, ಸರ್ವ್ ಪಾರ್ಟ್ನರ್‌ಗೆ. ಅವರು ಬಲಗಡೆಯಿಂದ 'ಐದು, ಎರಡು, ಎರಡು'. ಅವರೂ ಸೋತರೆ ಸರ್ವ್ ಎದುರಿನವರಿಗೆ. ಅವರಲ್ಲಿ ಬಲಗಡೆ ನಿಂತವರು 'ಎರಡು, ಐದು, ಒಂದು' ಅಂತ ಶುರು ಮಾಡುತ್ತಾರೆ. ಸರ್ವ್ ತೆಗೆದುಕೊಳ್ಳುವ ಜೋಡಿ ಜಾಗ ಬದಲಿಸುವುದೇ ಇಲ್ಲ.

ಒಂದೇ ಒಂದು ವಿಚಿತ್ರ ಇದೆ. ಆಟ ಶುರುವಾಗುವುದು 'ಸೊನ್ನೆ, ಸೊನ್ನೆ, ಎರಡು' ಅಂತ. ಮೊದಲು ಸರ್ವ್ ಮಾಡುವ ಜೋಡಿಗೆ ಅನುಕೂಲ ಜಾಸ್ತಿ ಆಗದಿರಲಿ ಅಂತ ಆ ಒಂದು ಸಲ ಅವರಲ್ಲಿ ಒಬ್ಬರಿಗೆ ಮಾತ್ರ ಸರ್ವ್. ಇನ್ನು ಕೆಲವು ಕಡೆ ಯಾರು ಗೆದ್ದರೂ ಪಾಯಿಂಟ್ ಕೊಡುವ ರ‍್ಯಾಲಿ ಸ್ಕೋರಿಂಗ್ ಇಟ್ಟಿರುತ್ತಾರೆ. ಶುರುವಿನಲ್ಲೇ ಕೇಳಿ.

ಗಲಿಬಿಲಿಯಾದರೆ ಒಂದು ಉಪಾಯ. ಆಟದ ಮೊದಲಲ್ಲಿ ಬಲಗಡೆ ಇದ್ದವರು ಯಾರು ಅಂತ ನೆನಪಿಟ್ಟುಕೊಳ್ಳಿ. ನಿಮ್ಮ ಪಾಯಿಂಟ್ ಸರಿಸಂಖ್ಯೆ ಆದಾಗೆಲ್ಲ ಅವರು ಬಲಗಡೆಯೇ ಇರಬೇಕು. ಇಲ್ಲದಿದ್ದರೆ ಯಾರೋ ತಪ್ಪು ನಿಂತಿದ್ದೀರಿ.

ಗೆರೆ ಮೇಲೆ ಬಿದ್ದರೆ ಒಳಗೋ ಹೊರಗೋ?

ಒಳಗೆ. ಸರ್ವ್ ಒಂದು ಮಾತ್ರ ಕಿಚನ್ ಗೆರೆ ಮೇಲೆ ಬಿದ್ದರೆ ಫಾಲ್ಟ್. ನಿಮ್ಮ ಬದಿಯ ಗೆರೆಗಳನ್ನು ನೀವೇ ಹೇಳಬೇಕು. ಅನುಮಾನ ಬಂದರೆ ಲಾಭ ಎದುರಿನವರಿಗೆ, ಬಾಲ್ ಒಳಗೆ ಅಂತಲೇ ಲೆಕ್ಕ. 'ಇನ್ನೊಂದ್ಸಲ ಆಡೋಣ' ಅನ್ನುವುದು ಇಲ್ಲಿ ನಡೆಯುವುದಿಲ್ಲ. ಹೊರಗೆ ಹೋಗುವ ಬಾಲನ್ನು ಕೈಯಲ್ಲಿ ಹಿಡಿಯಬೇಡಿ. ನೆಲ ಮುಟ್ಟುವ ಮುಂಚೆ ನಿಮಗೆ ತಾಗಿದರೆ, ನೀವು ಕೋರ್ಟಿನ ಹೊರಗೇ ನಿಂತಿದ್ದರೂ, ತಪ್ಪು ನಿಮ್ಮದೇ.

ಮೊದಲು ಯಾವ ಶಾಟ್ ಕಲಿಯಬೇಕು?

ಡಿಂಕ್. ಕಿಚನ್ ಗೆರೆಯ ಹಿಂದೆ ನಿಂತು, ಬಾಲನ್ನು ನೆಟ್ಟಿನ ಮೇಲಿಂದ ಮೆಲ್ಲಗೆ ಎದುರಿನ ಕಿಚನ್ನಿಗೆ ಬೀಳಿಸುವುದು. ಹೊಡೆಯುವುದಲ್ಲ, ಎತ್ತಿ ಇಡುವುದು. ಮಣಿಕಟ್ಟು ಆಡಿಸಬೇಡಿ, ಮೊಣಕಾಲು ಬಗ್ಗಿಸಿ, ಭುಜದಿಂದ ಕೈ ತೂಗಿ. ಪ್ಯಾಡಲನ್ನು ಬಿಗಿಯಾಗಿ ಹಿಡಿದರೆ ಬಾಲ್ ಮೇಲೆ ಹಾರುತ್ತದೆ, ಎದುರಿನವರು ಕಾದಿರುತ್ತಾರೆ. ಹತ್ತರಲ್ಲಿ ಮೂರು ನಾಲ್ಕರಷ್ಟು ಬಿಗಿ ಸಾಕು.

ಆಮೇಲೆ ಮೂರನೇ ಶಾಟ್. ಸರ್ವ್ ಒಂದು, ವಾಪಸ್ ಎರಡು, ಅದಕ್ಕೆ ನೀವು ಕೊಡುವ ಉತ್ತರ ಮೂರು. ಎದುರಿನವರು ಆಗಲೇ ಕಿಚನ್ ಹತ್ತಿರ ನಿಂತಿದ್ದಾರೆ, ನೀವು ಹಿಂದಿನ ಗೆರೆಯಲ್ಲಿ ಸಿಕ್ಕಿಕೊಂಡಿದ್ದೀರಿ. ಇಲ್ಲಿಂದ ಮೆತ್ತಗಿನ ಡ್ರಾಪ್ ಹಾಕಿ ಅವರ ಪಾದದ ಹತ್ತಿರ ಬೀಳಿಸಿದರೆ ಮುಂದೆ ಬರಲು ಸಮಯ ಸಿಗುತ್ತದೆ. ಈ ಶಾಟ್ ಕೈಗೆ ಹತ್ತಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ತಗ್ಗಿನಲ್ಲಿ ಜೋರಾಗಿ ಹೊಡೆದು ಮುಂದೆ ಬಂದರೂ ತಪ್ಪಿಲ್ಲ.

ಡಬಲ್ಸ್‌ನಲ್ಲಿ ಬಾಯಿ ಬಿಡುವುದೂ ಒಂದು ಶಾಟೇ. ನಡುವೆ ಬರುವ ಬಾಲ್‌ಗೆ 'ನಂದು', 'ನಿಮ್ದು', ಹೊರಗೆ ಹೋಗುವುದಕ್ಕೆ 'ಬಿಡಿ'. ಸುಮ್ಮನಿದ್ದರೆ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ನಿಂತಿರುತ್ತೀರಿ, ಬಾಲ್ ನಡುವಿನಿಂದ ಹೋಗಿರುತ್ತದೆ.

ನಾನು ಟೆನಿಸ್ ಆಡ್ತಿದ್ದೆ, ಶಟಲ್ ಆಡ್ತಿದ್ದೆ. ಸುಲಭ ಆಗುತ್ತಾ?

ಮೊದಲ ವಾರ ಆಗುತ್ತದೆ, ಆಮೇಲೆ ಹಳೆಯ ಅಭ್ಯಾಸ ಕಾಲೆಳೆಯುತ್ತದೆ. ಟೆನಿಸ್‌ನವರು ದೊಡ್ಡದಾಗಿ ಬೀಸಿ ಹಿಂದೆಯೇ ಉಳಿಯುತ್ತಾರೆ. ಶಟಲ್‌ನವರು ಮಣಿಕಟ್ಟು ತಿರುಗಿಸಿ ಎಲ್ಲವನ್ನೂ ಸ್ಮ್ಯಾಶ್ ಮಾಡಲು ನೋಡುತ್ತಾರೆ. ಟೇಬಲ್ ಟೆನಿಸ್‌ನವರ ಕೈ ಮಾತ್ರ ಬೇಗ ಹೊಂದಿಕೊಳ್ಳುತ್ತದೆ. ಅವರನ್ನು ಕಂಡರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು.

2.5, 3.0, 3.5 ಅಂತ ಬೋರ್ಡಿನಲ್ಲಿ ಬರೆದಿರ್ತಾರೆ. ನಾನು ಯಾವುದಕ್ಕೆ ಹೋಗಲಿ?

ಅವು ಆಟದ ಮಟ್ಟ. ನಿಯಮ ಈಗಷ್ಟೇ ಕಲಿಯುತ್ತಿದ್ದರೆ 2.0 ಅಥವಾ 2.5. ಸರ್ವ್ ಒಳಗೆ ಬೀಳುತ್ತೆ, ಸ್ಕೋರ್ ಗೊತ್ತಿದೆ, ನಾಲ್ಕಾರು ಡಿಂಕ್ ಆಡಬಲ್ಲೆ ಅಂದರೆ 3.0ರ ಹತ್ತಿರ. ಪಂದ್ಯಗಳ ಫಲಿತಾಂಶ ಹಾಕಿ ಲೆಕ್ಕ ಮಾಡುವ ಡ್ಯೂಪರ್ ಎಂಬ ರೇಟಿಂಗ್ ಕೂಡ ಇದೆ, ಅದು 2ರಿಂದ 8ರವರೆಗೆ ಹೋಗುತ್ತದೆ. ಶುರುವಿನಲ್ಲಿ ಅದರ ಗೊಡವೆ ಬೇಡ. ಎಲ್ಲರೂ ತಮ್ಮ ಮಟ್ಟವನ್ನು ಅರ್ಧ ಹೆಚ್ಚೇ ಹೇಳಿಕೊಳ್ಳುತ್ತಾರೆ. ನೀವು ಅರ್ಧ ಕಡಿಮೆ ಹೇಳಿ, ಆರಾಮಾಗಿ ಆಡಬಹುದು.

ಕೋಚ್ ಬೇಕಾ?

ಒಂದೆರಡು ಪಾಠ ಒಳ್ಳೆಯದು, ಅದರಲ್ಲೂ ಹೊಸಬರ ಗುಂಪಿನ ಪಾಠ. ಅಲ್ಲಿ ನಿಮ್ಮದೇ ಮಟ್ಟದ ಮೂವರು ಸಿಗುತ್ತಾರೆ. ಕೋಚ್‌ಗಿಂತ ಅವರ ಫೋನ್ ನಂಬರ್ ಮುಖ್ಯ ಅಂತ ನನಗನ್ನಿಸುತ್ತದೆ. ಒಬ್ಬರೇ ಇದ್ದಾಗ ಗೋಡೆ ಇದೆ. ಅದರ ಮೇಲೆ 34 ಇಂಚಿಗೆ ಒಂದು ಗೆರೆ ಎಳೆದು, 7 ಅಡಿ ದೂರ ನಿಂತು, ಗೆರೆಯ ಸ್ವಲ್ಪ ಮೇಲೆ ಮೆಲ್ಲಗೆ ಹೊಡೆಯುತ್ತಾ ಇರಿ. ಹೊಸದರಲ್ಲಿ ಸತತ ಇಪ್ಪತ್ತು ಹೊಡೆಯುವುದೇ ಕಷ್ಟ.

ವಯಸ್ಸಾದವರು ಆಡಬಹುದಾ? ಪೆಟ್ಟಾಗಲ್ವಾ?

ಆಡಬಹುದು, ಆಡುತ್ತಿದ್ದಾರೆ. ಆದರೆ 'ಸುಲಭದ ಆಟ, ಏನಾಗುತ್ತೆ' ಅಂತ ಮೈ ಬಿಸಿ ಮಾಡದೆ ಇಳಿಯುವವರೇ ಬೀಳುವುದು. ಬೀಳುವ ರೀತಿಯೂ ಬಹುತೇಕ ಒಂದೇ. ತಲೆಯ ಮೇಲೆ ಲಾಬ್, ಅಂದರೆ ಎತ್ತರಕ್ಕೆ ಹೊಡೆದ ಬಾಲ್, ಬರುತ್ತದೆ, ಅದನ್ನೇ ನೋಡುತ್ತಾ ಹಿಮ್ಮುಖವಾಗಿ ಓಡುತ್ತಾರೆ, ಹಿಮ್ಮಡಿ ಸಿಕ್ಕಿಕೊಳ್ಳುತ್ತದೆ. ಹಿಂದಕ್ಕೆ ಓಡಲೇಬೇಡಿ. ಮೈ ತಿರುಗಿಸಿ ಓಡಿ, ಇಲ್ಲವೇ ಆ ಪಾಯಿಂಟ್ ಬಿಟ್ಟುಬಿಡಿ.

ಓಟದ ಶೂ ಬೇಡ. ಅದು ಮುಂದಕ್ಕೆ ಓಡಲು ಮಾಡಿದ್ದು, ಪಕ್ಕಕ್ಕೆ ಜಿಗಿದರೆ ಪಾದ ಹೊರಳುತ್ತದೆ. ಟೆನಿಸ್ ಅಥವಾ ಶಟಲ್ ಶೂ ಹಾಕಿ. ನೆಟ್ಟಿನ ಹತ್ತಿರ ಆಡುವವರು ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಂಡರೆ ಒಳ್ಳೆಯದು. 14 ಅಡಿ ದೂರದಿಂದ ಬರುವ ಬಾಲ್‌ಗೆ ರೆಪ್ಪೆ ಮುಚ್ಚಲು ಸಮಯ ಸಾಲುವುದಿಲ್ಲ. ಪಕ್ಕದ ಕೋರ್ಟಿನ ಬಾಲ್ ಉರುಳಿ ಬಂದರೆ 'ಬಾಲ್!' ಅಂತ ಜೋರಾಗಿ ಕೂಗಿ ಆಟ ನಿಲ್ಲಿಸಿ. ಎಂಥ ಒಳ್ಳೆಯ ರ‍್ಯಾಲಿ ನಡೆಯುತ್ತಿದ್ದರೂ ಸರಿ.

ಅಕ್ಕಪಕ್ಕದ ಮನೆಯವರು ಸದ್ದು ಅಂತ ಜಗಳ ಮಾಡ್ತಾರೆ...

ಅವರದ್ದೂ ತಪ್ಪಲ್ಲ. ಗಟ್ಟಿ ಪ್ಯಾಡಲ್‌ಗೆ ಗಟ್ಟಿ ಬಾಲ್ ಬಡಿಯುವ ಸದ್ದು ಚುಚ್ಚುವಂಥದ್ದು, ಟೆನಿಸ್ ಬಾಲಿನ ಸದ್ದಿನಂತೆ ದಪ್ಪಗಿಲ್ಲ. ಆಡುವವರಿಗೆ ಸಂಗೀತ, ಕಿಟಕಿ ಪಕ್ಕ ಮಲಗಿದವರಿಗೆ ಬೇರೆಯೇ. ಬೆಳಿಗ್ಗೆ ತೀರಾ ಬೇಗ ಶುರು ಮಾಡಬೇಡಿ, ಸದ್ದು ಕಡಿಮೆ ಮಾಡುವ ಫೋಮ್ ಬಾಲ್ ಇಟ್ಟುಕೊಳ್ಳಿ, ಸಮಯದ ಬಗ್ಗೆ ಅವರೊಂದಿಗೆ ಮೊದಲೇ ಮಾತಾಡಿ.

ಇಬ್ಬರೇ ಇದ್ದರೆ?

ಸಿಂಗಲ್ಸ್ ಆಡಿ. ಕೋರ್ಟು ಅಷ್ಟೇ ದೊಡ್ಡದು, ಓಟ ಮಾತ್ರ ಎರಡು ಪಟ್ಟು. ಸ್ಕೋರಿಗೆ ಎರಡೇ ನಂಬರ್. ನಿಮ್ಮ ಪಾಯಿಂಟ್ ಸರಿಸಂಖ್ಯೆ ಆದರೆ ಬಲದಿಂದ, ಬೆಸಸಂಖ್ಯೆ ಆದರೆ ಎಡದಿಂದ ಸರ್ವ್. ಅಷ್ಟು ಓಡಲು ಆಗಲ್ಲ ಅಂದರೆ ಅರ್ಧ ಕೋರ್ಟಿನಲ್ಲಿ, ಕರ್ಣಕ್ಕೆ ಕರ್ಣ ಆಡಿ. ನಾನು ಡಿಂಕ್ ಕಲಿತದ್ದು ಹಾಗೆಯೇ, ಉಳಿದಿಬ್ಬರು ತಡವಾಗಿ ಬರುತ್ತಿದ್ದ ದಿನಗಳಲ್ಲಿ.